ಜಾಲತಂತಿಯ ಮೂಲಕ ವಿದ್ಯುತ್ ಪೂರೈಕೆ: ತೋಟದ ಮನೆಯ ಕಾವಲು ಕ್ಯಾಮರಾಗಳನ್ನು ಕುರಿತು

ಗ್ರಾಮದಿಂದ ದೂರವಾಗಿ ತೋಟದ ನಡುವೆ ಒಂಟಿಯಾಗಿ ನಿಂತಿರುವ ಮನೆಗಳು ಹಿರಿಯೂರು ತಾಲ್ಲೂಕಿನಲ್ಲಿ, ಯಲ್ಲದಕೆರೆಯಂತಹ ಊರುಗಳ ಸುತ್ತಮುತ್ತ, ಅಪೂರ್ವವಲ್ಲ. ಇಂತಹ ಮನೆಯವರು ಕಾಯಬೇಕಾದ ವಸ್ತುಗಳು ಹಲವು: ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ, ರೊಪ್ಪದ ಕುರಿಮೇಕೆಗಳು, ಕೊಳವೆಬಾವಿಯ ಬಳಿಯ ಸ್ಟಾರ್ಟರ್ ಪೆಟ್ಟಿಗೆ, ಅಲ್ಲಿಂದ ಪಂಪಿಗೆ ಇಳಿಯುವ ತಾಮ್ರದ ಕೇಬಲು. ಪಂಪ್‌ಸೆಟ್ಟಿನ ಕೇಬಲಿನ ಕಳವು ನಮ್ಮ ಬಯಲುಸೀಮೆಯ ರೈತರಿಗೆ ಹೊಸ ಸಂಗತಿಯಲ್ಲ. ಆದುದರಿಂದ ಪಟ್ಟಣದ ಬಂಗಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಕಾವಲು ಕ್ಯಾಮರಾ ಈಗ ತೋಟದ ಮನೆಯ ಸೂರಿನಡಿಯೂ ಕಾಣಿಸಿಕೊಳ್ಳುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಕೊಳ್ಳುವುದು ಸುಲಭ. ಅದಕ್ಕೆ ಎಡೆಬಿಡದೆ ವಿದ್ಯುತ್ತನ್ನು ಒದಗಿಸಿ, ಅದರ ಚಿತ್ರವನ್ನು ಕೆಡದಂತೆ ಮನೆಯೊಳಕ್ಕೆ ತರುವುದು ಅಷ್ಟು ಸುಲಭವಲ್ಲ. ಈ ಎರಡು ಕಾರ್ಯಗಳನ್ನೂ ಒಂದೇ ತಂತಿಯಿಂದ ಸಾಧಿಸುವ ವಿಧಾನದ ತತ್ತ್ವವನ್ನೂ, ಅದನ್ನು ಆಚರಣೆಗೆ ತರುವಾಗ ಎದುರಾಗುವ ತೊಡಕುಗಳನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಪದವಿ ತರಗತಿಯ ಭೌತವಿಜ್ಞಾನವನ್ನು ಬಲ್ಲ ವಾಚಕರಿಗೆ ಇಲ್ಲಿಯ ಲೆಕ್ಕಗಳು ಯಾವುವೂ ಕಠಿಣವೆನಿಸಲಾರವು.

ಚಿತ್ರದುರ್ಗದ ಕೋಟೆಯ ಕಿಂಡಿಯನ್ನು ಕಾಯುತ್ತಿದ್ದವನು ಊಟಕ್ಕೆ ಹೋದ ಹೊತ್ತನ್ನೇ ನೋಡಿಕೊಂಡು ಶತ್ರುಗಳು ನುಸುಳಿದರೆಂಬುದು ಓಬವ್ವನ ಕಥೆಯನ್ನು ಬಲ್ಲ ಎಲ್ಲರಿಗೂ ತಿಳಿದದ್ದೇ. ಕ್ಯಾಮರಾಕ್ಕೆ ಊಟದ ಹೊತ್ತು ಎಂಬುದಿಲ್ಲವೆಂದು ನಾವು ನಂಬಿದರೆ ಅದು ಅರ್ಧಸತ್ಯ ಮಾತ್ರ. ವಿದ್ಯುತ್ತು ನಿಂತ ಗಳಿಗೆಯಲ್ಲಿ ಅದೂ ಕಿಂಡಿಯನ್ನು ಬಿಟ್ಟು ಹೋದಂತೆಯೇ ಸರಿ. ಊರೊಳಗಿನ ಮನೆಗಿಂತ ತೋಟದ ಮನೆಗೆ ಈ ಕಷ್ಟ ಹೆಚ್ಚು. ಈ ಜಿಲ್ಲೆಗೆ ವಿದ್ಯುತ್ತನ್ನು ಒದಗಿಸುವ ಬೆಸ್ಕಾಂ ಸಂಸ್ಥೆಯ ಜಾಲದಲ್ಲಿ ನೀರಾವರಿ ಪಂಪ್‌ಸೆಟ್ಟುಗಳ ಫೀಡರುಗಳಿಗೆ ಮೂರು ಫೇಸಿನ ವಿದ್ಯುತ್ತು ದೊರೆಯುವುದು ದಿನದ ಕೆಲವು ನಿಯತ ಗಂಟೆಗಳಲ್ಲಿ ಮಾತ್ರ. ನಿರಂತರ ಜ್ಯೋತಿ ಯೋಜನೆಯಿಂದ ಗ್ರಾಮಗಳ ಗೃಹಬಳಕೆಯ ಫೀಡರುಗಳು ಪಂಪ್‌ಸೆಟ್ಟುಗಳ ಫೀಡರುಗಳಿಂದ ಬೇರ್ಪಟ್ಟುವಾದರೂ, ಪಂಪಿನ ಫೀಡರನ್ನೇ ಅವಲಂಬಿಸಿದ ತೋಟದ ಮನೆಗೆ ಊರಿನ ಮನೆಗಾದಷ್ಟು ಉಪಕಾರ ಅದರಿಂದ ಆಗಲಿಲ್ಲ. ಕಳ್ಳನಿಗೆ ಅನುಕೂಲವಾದ ಕತ್ತಲೆಯೂ ವಿದ್ಯುತ್ತಿಲ್ಲದ ಹೊತ್ತೂ ಹಲವು ವೇಳೆ ಒಂದೇ ಆಗಿರುತ್ತವೆ.

ತಂತಿಯಿಲ್ಲದ ಕ್ಯಾಮರಾ ಎಂದು ಅಂಗಡಿಗಳಲ್ಲಿ ಮಾರುವ ಉಪಕರಣವು ಈ ಸಮಸ್ಯೆಗೆ ಪರಿಹಾರವೆಂದು ಹಲವರು ಭಾವಿಸುವುದುಂಟು. ಅದರ ಚಿತ್ರವು ರೇಡಿಯೋ ತರಂಗಗಳಲ್ಲಿ ಬರುವುದು ನಿಜ. ಆದರೆ ಅದರ ವಿದ್ಯುತ್ತು ಹಾಗೆ ಬರಲಾರದು. ಅದಕ್ಕೂ ಒಂದು ಪ್ಲಗ್ಗು, ಒಂದು ಅಡಾಪ್ಟರು, ಅಡಾಪ್ಟರಿನವರೆಗೆ 230 ವೋಲ್ಟಿನ ತಂತಿ ಬೇಕೇ ಬೇಕು. ನಾಲ್ಕು ಕ್ಯಾಮರಾಗಳಿಗೆ ನಾಲ್ಕು ಕಡೆ ಹೀಗೆ ಪ್ಲಗ್ಗುಗಳನ್ನು ಕೂರಿಸಿದರೆ, ವಿದ್ಯುತ್ತು ಹೋದಾಗ ನಾಲ್ಕಕ್ಕೂ ಬೇರೆ ಬೇರೆಯಾಗಿ ಬ್ಯಾಟರಿಯ ಆಸರೆ ಕಲ್ಪಿಸಬೇಕಾಗುತ್ತದೆ. ಸೌರಫಲಕವನ್ನೂ ಬ್ಯಾಟರಿಯನ್ನೂ ತನ್ನೊಡನೆಯೇ ಹೊತ್ತ ಕ್ಯಾಮರಾಗಳೂ ಇವೆಯಷ್ಟೆ. ಅವುಗಳಲ್ಲಿ ಬಹುಪಾಲು ಚಲನವಲನ ಕಂಡಾಗ ಮಾತ್ರ ಎಚ್ಚರಗೊಳ್ಳುವಂಥವು. ಒಂದೇ ಕಡೆ ಬ್ಯಾಟರಿಯನ್ನಿಟ್ಟು ಅಲ್ಲಿಂದ ಎಲ್ಲ ಕ್ಯಾಮರಾಗಳಿಗೂ ಉಣಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಈ ಆಲೋಚನೆ ಹೊಸದೇನಲ್ಲ. ಹಳೆಯ ದೂರವಾಣಿಯು ಮನೆಯ ವಿದ್ಯುತ್ತು ಹೋದಾಗಲೂ ಮಾತನಾಡುತ್ತಿದ್ದುದನ್ನು ಹಿರಿಯ ವಾಚಕರು ಸ್ಮರಿಸಬಹುದು. ದೂರವಾಣಿ ಕೇಂದ್ರದಲ್ಲಿರುವ 48 ವೋಲ್ಟಿನ ಬ್ಯಾಟರಿಯು, ಧ್ವನಿಯನ್ನು ಒಯ್ಯುವ ಅದೇ ಎರಡು ತಂತಿಗಳ ಮೂಲಕ ಮನೆಯ ಉಪಕರಣಕ್ಕೂ ಪ್ರವಾಹವನ್ನು ಕಳುಹಿಸುತ್ತಿದ್ದುದೇ ಅದಕ್ಕೆ ಕಾರಣ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಹೊರಗಿನ ವಿದ್ಯುತ್ ಗದ್ದಲವು ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ರದ್ದಾಗುವುದೆಂಬುದಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟು ಪಡೆದಿದ್ದನು. ಗಣಕಯಂತ್ರಗಳನ್ನು ಬೆಸೆಯುವ ಈಥರ್‌ನೆಟ್ ಎಂಬ ಜಾಲವಿಧಾನವು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿತು. ಅದು ಮೊದಲು ದಪ್ಪನೆಯ ಏಕಾಕ್ಷ ಕೇಬಲಿನ ಮೇಲೆ ನಡೆದು, 1990ರಲ್ಲಿ ಹೊಸೆದ ಜೋಡಿಗಳ ತಂತಿಗೆ ಇಳಿಯಿತು. ಇದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸುವ ಮೊದಲ ಅಂತರರಾಷ್ಟ್ರೀಯ ನಿಯಮವು 2003ರಲ್ಲಿ ಅಂಗೀಕೃತವಾಯಿತು. ಪವರ್ ಓವರ್ ಈಥರ್‌ನೆಟ್ ಎಂಬ ಅದರ ಹೆಸರು ನಮ್ಮ ಅಂಗಡಿಗಳಲ್ಲಿ ಪಿ.ಓ.ಇ. ಎಂದೇ ಬಳಕೆಯಲ್ಲಿದೆ.

ಜಾಲತಂತಿಯೊಳಗೆ ಎಂಟು ಎಳೆಗಳು, ಎರಡೆರಡರಂತೆ ಹೊಸೆದ ನಾಲ್ಕು ಜೋಡಿಗಳಾಗಿ ಇರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ಟಿನ ಜಾಲಕ್ಕೆ ಇವುಗಳಲ್ಲಿ ಎರಡು ಜೋಡಿಗಳು ಸಾಕು. ಉಳಿದೆರಡರಲ್ಲಿ ವಿದ್ಯುತ್ತನ್ನು ಹರಿಸುವುದು ಒಂದು ಮಾರ್ಗ. ಆದರೆ ಸಂದೇಶವನ್ನು ಒಯ್ಯುವ ಜೋಡಿಗಳಲ್ಲಿಯೇ ವಿದ್ಯುತ್ತನ್ನೂ ಹರಿಸುವ ಇನ್ನೊಂದು ಮಾರ್ಗವೇ ಹೆಚ್ಚು ಸ್ವಾರಸ್ಯವುಳ್ಳದ್ದು. ಜೋಡಿಯ ಎರಡೂ ತುದಿಗಳಲ್ಲಿ ಒಂದೊಂದು ಚಿಕ್ಕ ಟ್ರಾನ್ಸ್‌ಫಾರ್ಮರು ಇರುತ್ತದೆ. ಅದರ ಸುರುಳಿಯ ಸರಿಮಧ್ಯದ ಬಿಂದುವಿಗೆ ಏಕಮುಖ ಪ್ರವಾಹವನ್ನು ಕೊಟ್ಟರೆ, ಆ ಪ್ರವಾಹವು ಎರಡು ಪಾಲಾಗಿ ಜೋಡಿಯ ಎರಡು ಎಳೆಗಳಲ್ಲಿಯೂ ಸಮನಾಗಿ, ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸುರುಳಿಯ ಎರಡು ಅರ್ಧಗಳಲ್ಲಿ ಈ ಪಾಲುಗಳು ಎದುರುಬದುರಾಗಿ ಸಾಗುವುದರಿಂದ ಅವುಗಳ ಕಾಂತಪರಿಣಾಮಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಂದೇಶವಾದರೋ ಎರಡು ಎಳೆಗಳ ನಡುವಣ ವಿಭವಾಂತರದಲ್ಲಿ ಅಡಗಿದೆ. ಎರಡೂ ಎಳೆಗಳ ವಿಭವವನ್ನು ಒಟ್ಟಿಗೆ ಏರಿಸಿದರೆ ಆ ಅಂತರಕ್ಕೆ ಬಾಧೆಯಿಲ್ಲ. ಹೀಗಾಗಿ ಚಿತ್ರವೂ ವಿದ್ಯುತ್ತೂ ಒಂದೇ ಎಳೆಯಲ್ಲಿ, ಒಂದರ ಇರವು ಇನ್ನೊಂದಕ್ಕೆ ತಿಳಿಯದಂತೆ, ಸಾಗಬಲ್ಲವು. ಇನ್ನೊಂದು ಜೋಡಿಯು ಪ್ರವಾಹವನ್ನು ಹಿಂದಕ್ಕೆ ತರುತ್ತದೆ.

48 ವೋಲ್ಟಿನ ಸುಮಾರಿನ ವಿಭವವನ್ನೇ ಆರಿಸಿದ್ದೇಕೆ, ಕ್ಯಾಮರಾಗಳಿಗೆ ರೂಢಿಯಾದ 12 ವೋಲ್ಟನ್ನೇ ನೇರವಾಗಿ ಕಳುಹಿಸಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರವನ್ನು ನಮ್ಮ ನಾಡಿನ ಇತಿಹಾಸದಲ್ಲಿಯೇ ಕಾಣಬಹುದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದಾಗ ಅದನ್ನು ಹತ್ತಾರು ಸಹಸ್ರ ವೋಲ್ಟುಗಳಿಗೆ ಏರಿಸಬೇಕಾಯಿತು. ತಂತಿಯಲ್ಲಿ ಶಾಖವಾಗಿ ವ್ಯಯವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವಿಭವವನ್ನು ಹೆಚ್ಚಿಸಿ ಪ್ರವಾಹವನ್ನು ತಗ್ಗಿಸುವುದೇ ದೂರಕ್ಕೆ ಶಕ್ತಿಯನ್ನು ಒಯ್ಯುವ ಉಪಾಯ. ಗಣಿಗೆ ಅನ್ವಯಿಸಿದ ನ್ಯಾಯವೇ ತೋಟದ ಮನೆಗೂ ಅನ್ವಯಿಸುತ್ತದೆ.

ಒಂದು ನಿದರ್ಶನವನ್ನು ಲೆಕ್ಕ ಹಾಕಿ ನೋಡೋಣ. ಮನೆಯಿಂದ 80 ಮೀಟರು ದೂರದಲ್ಲಿರುವ ಪಂಪಿನ ಮನೆಯ ಗೋಡೆಯ ಮೇಲೆ, ರಾತ್ರಿಯಲ್ಲಿ 6 ವಾಟು ಬೇಡುವ ಕ್ಯಾಮರಾ ಒಂದಿದೆ ಎಂದುಕೊಳ್ಳೋಣ. ಜಾಲತಂತಿಯ ಸಾಮಾನ್ಯವಾದ ತಾಮ್ರದ ಎಳೆಯ ವ್ಯಾಸ ಸುಮಾರು 0.51 ಮಿಲಿಮೀಟರು; ಅದರ ರೋಧ 100 ಮೀಟರಿಗೆ ಸುಮಾರು 8.4 ಓಮು. 80 ಮೀಟರಿನ ಒಂದು ಎಳೆಗೆ 6.7 ಓಮು. ಹೋಗುವುದಕ್ಕೆ ಎರಡು ಎಳೆ, ಬರುವುದಕ್ಕೆ ಎರಡು ಎಳೆ ಎಂದು ಜೋಡಿಸಿದರೆ ಮಂಡಲದ ಒಟ್ಟು ರೋಧವೂ ಅಷ್ಟೇ, ಅಂದರೆ 6.7 ಓಮು, ಆಗುತ್ತದೆ. ಈಗ 12 ವೋಲ್ಟನ್ನು ಕೊಟ್ಟರೆ ಈ ತಂತಿಯ ಕೊನೆಯಲ್ಲಿ ಪಡೆಯಬಹುದಾದ ಅತ್ಯಧಿಕ ಶಕ್ತಿ ಎಷ್ಟು? ವಿಭವದ ವರ್ಗವನ್ನು ರೋಧದ ನಾಲ್ಕರಷ್ಟರಿಂದ ಭಾಗಿಸಿದರೆ, 144ನ್ನು 26.8ರಿಂದ ಭಾಗಿಸಿ, 5.4 ವಾಟು ದೊರೆಯುತ್ತದೆ. ಎಂದರೆ ಆರು ವಾಟಿನ ಕ್ಯಾಮರಾ ಅಲ್ಲಿ ರಾತ್ರಿಯಲ್ಲಿ ನಡೆಯುವುದೇ ಅಸಾಧ್ಯ. ಎಷ್ಟೇ ಬಲವಾದ ಅಡಾಪ್ಟರನ್ನು ತಂದರೂ ಪ್ರಯೋಜನವಿಲ್ಲ. ಒಂದೇ ಜೋಡಿಯನ್ನು ಬಳಸಿದರಂತೂ 2.7 ವಾಟಿಗಿಂತ ಹೆಚ್ಚು ಬಾರದು. ಅದೇ ತಂತಿಗೆ 48 ವೋಲ್ಟನ್ನು ಕೊಟ್ಟರೆ ಪ್ರವಾಹ 0.127 ಆಂಪಿಯರು, ತಂತಿಯಲ್ಲಿ ಕುಸಿಯುವ ವಿಭವ ಒಂದು ವೋಲ್ಟಿಗೂ ಕಡಿಮೆ, ವ್ಯಯವಾಗುವ ಶಕ್ತಿ ಒಂದು ವಾಟಿನ ಹತ್ತನೆಯ ಒಂದು ಪಾಲು ಮಾತ್ರ.

ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವ, 12 ವೋಲ್ಟನ್ನು ಜಾಲತಂತಿಗೆ ಸೇರಿಸುವ ಮತ್ತು ಆ ಕಡೆ ಬೇರ್ಪಡಿಸುವ ಚಿಕ್ಕ ತುಂಡುಗಳನ್ನು ಕುರಿತು ಇಷ್ಟು ಹೇಳಿದರೆ ಸಾಕು: ಆರು ವಾಟಿನ ಕ್ಯಾಮರಾಕ್ಕೆ ಶೇಕಡಾ ಹತ್ತರಷ್ಟು ವಿಭವದ ಇಳಿತವನ್ನು ಒಪ್ಪಿದರೂ ಅವು ಸುಮಾರು 25 ಮೀಟರಿನವರೆಗೆ ಮಾತ್ರ ನಂಬಿಕೆಗೆ ಯೋಗ್ಯ. ಪಟ್ಟಣದ ಚಿಕ್ಕ ಮನೆಗೆ ಅವು ಸಾಕಾಗಬಹುದು, ತೋಟಕ್ಕೆ ಸಲ್ಲವು.

ನಿಯಮದ ಅಂಕೆಗಳೂ ಇದೇ ಗಣಿತದಿಂದ ಹುಟ್ಟಿದವೆಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. 2003ರ ನಿಯಮದಂತೆ ಕಳುಹಿಸುವ ಕಡೆಯಲ್ಲಿ ಕನಿಷ್ಠ 44 ವೋಲ್ಟು, ಪ್ರವಾಹ ಗರಿಷ್ಠ 0.35 ಆಂಪಿಯರು, ಗುಣಿಸಿದರೆ 15.4 ವಾಟು. ತಂತಿಯ ಮಂಡಲದ ರೋಧವನ್ನು ಗರಿಷ್ಠ 20 ಓಮು ಎಂದು ಹಿಡಿದಿದ್ದಾರೆ. 0.35ರ ವರ್ಗವನ್ನು 20ರಿಂದ ಗುಣಿಸಿದರೆ 2.45 ವಾಟು ನಷ್ಟ, ಉಳಿಯುವುದು 12.95 ವಾಟು. ಉಪಕರಣಕ್ಕೆ ದೊರೆಯತಕ್ಕ ಶಕ್ತಿಯೆಂದು ನಿಯಮದಲ್ಲಿ ಮುದ್ರಿತವಾಗಿರುವ ಅಂಕೆ ಇದೇ. 2009ರ ಎರಡನೆಯ ನಿಯಮದಲ್ಲಿ 50 ವೋಲ್ಟು, 0.6 ಆಂಪಿಯರು, 12.5 ಓಮು, 30 ವಾಟು ಹೊರಟು 25.5 ವಾಟು ತಲಪುತ್ತದೆ. 2018ರ ಮೂರನೆಯ ನಿಯಮವು ನಾಲ್ಕು ಜೋಡಿಗಳನ್ನೂ ಬಳಸಿಕೊಂಡು 90 ವಾಟಿನವರೆಗೆ ಹೋಗುತ್ತದೆ. ಮನೆಯ ಕ್ಯಾಮರಾಕ್ಕೆ ಅದರ ಅವಶ್ಯಕತೆ ಇಲ್ಲ.

ಸ್ವಿಚ್ಚು ಎಂಬ ಹೆಸರಿನ ಪೆಟ್ಟಿಗೆ ತನ್ನ ಪ್ರತಿಯೊಂದು ರಂಧ್ರಕ್ಕೂ ಸದಾ 48 ವೋಲ್ಟನ್ನು ಸುರಿಯುತ್ತಿದ್ದರೆ, ಅದಕ್ಕೆ ಅರಿಯದೆ ಚುಚ್ಚಿದ ಬೇರೆ ಉಪಕರಣವು ಸುಟ್ಟುಹೋಗುವ ಅಪಾಯವಿತ್ತು. ಆದ ಕಾರಣ ಮೊದಲು ಒಂದು ಪರಿಚಯವಿಧಿ ನಡೆಯುತ್ತದೆ. ಸ್ವಿಚ್ಚು ಸುಮಾರು 3ರಿಂದ 10 ವೋಲ್ಟಿನ ಸೌಮ್ಯವಾದ ವಿಭವವನ್ನು ಕೊಟ್ಟು ನೋಡುತ್ತದೆ. ಆ ಕಡೆ ಸುಮಾರು 25,000 ಓಮಿನ ರೋಧವು ಕಂಡರೆ ಮಾತ್ರ ಅಲ್ಲಿರುವುದು ವಿದ್ಯುತ್ತನ್ನು ಬೇಡುವ ಉಪಕರಣವೆಂದು ತಿಳಿಯುತ್ತದೆ. ಆಮೇಲೆ 15ರಿಂದ 20 ವೋಲ್ಟಿನ ಎಡೆಯಲ್ಲಿ ಎರಡನೆಯ ಪರೀಕ್ಷೆ ನಡೆದು, ಉಪಕರಣವು ತನ್ನ ಹಸಿವಿನ ವರ್ಗವನ್ನು ಸೂಚಿಸುತ್ತದೆ. ಕೊನೆಗೆ ಪೂರ್ಣ ವಿಭವ. ಕ್ಯಾಮರಾವನ್ನು ಕಿತ್ತರೆ ಪ್ರವಾಹ ನಿಂತುದನ್ನು ಅರಿತು ಸ್ವಿಚ್ಚು ಅರೆ ಸೆಕೆಂಡಿನೊಳಗೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ಈ ಸಭ್ಯತೆಯನ್ನು ಕಲಿಯದ, ಕೇಳದೆಯೇ ವಿದ್ಯುತ್ತನ್ನು ತುಂಬುವ ಉಪಕರಣಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಪ್ಯಾಸಿವ್ ಎಂದು ಕರೆಯುತ್ತಾರೆ. ಬೆಲೆ ಕಡಿಮೆಯಾದರೂ, ಯಾವ ತಂತಿ ಎಲ್ಲಿಗೆ ಎಂಬ ದಾಖಲೆಯನ್ನಿಡದ ಮನೆಯಲ್ಲಿ ಅವನ್ನು ಬಳಸದಿರುವುದೇ ಲೇಸು.

ಇನ್ನು ತಂತಿಯ ವಿಷಯ. ನಮ್ಮ ಅನುಭವದಲ್ಲಿ ಜನರು ಮೋಸಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ಎಳೆಗಳ ತಂತಿಯು ನೋಡುವುದಕ್ಕೆ ಶುದ್ಧ ತಾಮ್ರದಂತೆಯೇ ಇದ್ದು, ಬೆಲೆಯಲ್ಲಿ ಮಾತ್ರ ಬಹಳ ಕಡಿಮೆಯಿರುತ್ತದೆ. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲು. ಲೆಕ್ಕದ ಮೇಲೆ ಆರು ವಾಟಿನ ಕ್ಯಾಮರಾ 48 ವೋಲ್ಟಿನಲ್ಲಿ ಇದರ ಮೇಲೂ ನಡೆದುಬಿಡುತ್ತದೆ. ಕೂರಿಸಿದ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ 100 ಮೀಟರಿನಲ್ಲಿ ಅದರ ಮಂಡಲದ ರೋಧ 13 ಓಮನ್ನು ದಾಟುವುದರಿಂದ ತಿರುಗುವ ದೊಡ್ಡ ಕ್ಯಾಮರಾಕ್ಕೆ ಅದು ನಿಯಮದ ಮಿತಿಯನ್ನು ಮೀರುತ್ತದೆ. ಅಲ್ಲದೆ ಅಲ್ಯೂಮಿನಿಯಂ ಎಳೆಯು ನಾಲ್ಕಾರು ಬಾರಿ ಬಗ್ಗಿಸಿದರೆ ಮುರಿಯುತ್ತದೆ; ಕನೆಕ್ಟರಿನ ಹಲ್ಲು ಕಚ್ಚಿದ ಕಡೆ ಲೇಪವು ಹರಿದು, ಒಳಗಿನ ಲೋಹದ ಮೇಲೆ ವಿದ್ಯುತ್ತನ್ನು ಬಿಡದ ಆಕ್ಸೈಡು ಬೆಳೆಯುತ್ತದೆ. ವರ್ಷವೊಂದು ಕಳೆದ ಮೇಲೆ, ಕಾರಣ ತಿಳಿಯದಂತೆ, ಕ್ಯಾಮರಾ ಆಗಾಗ ನಿಂತು ಮತ್ತೆ ಹೊತ್ತಿಕೊಳ್ಳಲು ಆರಂಭಿಸುತ್ತದೆ. ಪತ್ತೆಹಚ್ಚುವ ಕ್ರಮ ಸರಳವಾದದ್ದು. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳನೆಯ ಲೋಹ ಕಾಣುತ್ತದೆ. ಇದಕ್ಕಿಂತ ನಿಶ್ಚಿತವಾದದ್ದು ಅಳತೆ: 305 ಮೀಟರಿನ ಹೊಸ ಪೆಟ್ಟಿಗೆಯೊಂದರ ಎಳೆಯ ಎರಡು ತುದಿಗಳಿಗೆ ಮಲ್ಟಿಮೀಟರನ್ನು ಹಿಡಿದರೆ ತಾಮ್ರಕ್ಕೆ 26 ಓಮಿನ ಸುಮಾರಿಗೆ ಬರಬೇಕು, 40 ಓಮು ಬಂದರೆ ಅಂಗಡಿಯವನು ಏನೇ ಹೇಳಲಿ, ಅದು ತಾಮ್ರವಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನೇ ಒಂದು ಪ್ರಯೋಗವಾಗಿ ಮಾಡಿಸಬಹುದು.

ತಂತಿಯ ತುದಿಗೆ ಕನೆಕ್ಟರನ್ನು ಕೂರಿಸುವಾಗ ಬಣ್ಣಗಳ ಕ್ರಮವು ಹೀಗಿರುವುದು ವಾಡಿಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು. ಹಸುರಿನ ಜೋಡಿಯನ್ನು ಸೀಳಿ ಅದರ ನಡುವೆ ನೀಲಿಯ ಜೋಡಿಯನ್ನು ತುರುಕಿರುವುದು ಮೊದಲ ನೋಟಕ್ಕೆ ಅರ್ಥವಿಲ್ಲದ್ದೆಂದು ತೋರುತ್ತದೆ. ಹಲವರು ತಮ್ಮ ಬುದ್ಧಿಯಿಂದ ಇದನ್ನು ತಿದ್ದಿ, ಬಣ್ಣಗಳನ್ನು ಜೋಡಿಜೋಡಿಯಾಗಿಯೇ ಎರಡೂ ತುದಿಗಳಲ್ಲಿ ಇಡುತ್ತಾರೆ. ಆಗ ಪ್ರತಿಯೊಂದು ಎಳೆಯೂ ತನ್ನ ಎದುರಿನ ಎಳೆಗೆ ಸರಿಯಾಗಿಯೇ ಸೇರಿರುತ್ತದೆ. ಎಂಟು ದೀಪಗಳ ಅಗ್ಗದ ಪರೀಕ್ಷಕವು ಎಲ್ಲ ದೀಪಗಳನ್ನೂ ಕ್ರಮವಾಗಿ ಬೆಳಗಿಸಿ ಸರಿಯೆನ್ನುತ್ತದೆ. ಆದರೆ ಉಪಕರಣವು 3 ಮತ್ತು 6ನೆಯ ಎಳೆಗಳನ್ನು ಒಂದು ಸಂದೇಶದ ಜೋಡಿಯಾಗಿ ಬಳಸುತ್ತದೆ. ಈಗ ಆ ಎರಡು ಎಳೆಗಳು ಬೇರೆ ಬೇರೆ ಹೊಸೆತಗಳಿಗೆ ಸೇರಿಹೋದುದರಿಂದ ಬೆಲ್ಲನ ಉಪಾಯವೆಲ್ಲ ವ್ಯರ್ಥವಾಗಿ, ಪಕ್ಕದ ಜೋಡಿಯ ಗದ್ದಲವು ಇದರೊಳಕ್ಕೆ ಸೋರುತ್ತದೆ. ಐದು ಮೀಟರಿನ ತಂತಿಯಲ್ಲಿ ಇದು ಗೋಚರಿಸದು. ಎಪ್ಪತ್ತು ಮೀಟರಿನಲ್ಲಿ ಚಿತ್ರವು ತುಂಡುತುಂಡಾಗುತ್ತದೆ. ವಿದ್ಯುತ್ತಿನ ದೃಷ್ಟಿಯಿಂದ ದೋಷವಿಲ್ಲದ ತಂತಿಯೂ ಸಂದೇಶದ ದೃಷ್ಟಿಯಿಂದ ದೋಷಯುಕ್ತವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಂಡಿಲ್ಲ. ಕನೆಕ್ಟರಿನ ಬಳಿ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದೆಂಬ ವಿಧಿಗೂ ಕಾರಣ ಇದೇ.

100 ಮೀಟರಿನ ಮಿತಿಯನ್ನು ಎಲ್ಲರೂ ಬಲ್ಲರು. ಅದು ಮುಖ್ಯವಾಗಿ ಸಂದೇಶದ ಕ್ಷೀಣತೆಯಿಂದ ಬಂದ ಮಿತಿಯೇ ಹೊರತು ವಿದ್ಯುತ್ತಿನಿಂದ ಬಂದದ್ದಲ್ಲ. ಚಿಕ್ಕ ಕ್ಯಾಮರಾದ ವಿದ್ಯುತ್ತು 150 ಮೀಟರಿಗೂ ಸಾಗೀತು. ಚಿತ್ರವು ಸಾಗುವುದೆಂಬ ಭರವಸೆಯಿಲ್ಲ. ತೋಟದ ಕೊಳವೆಬಾವಿ ಇದಕ್ಕಿಂತ ದೂರವಿದ್ದರೆ ಮೂರು ದಾರಿಗಳಿವೆ. ನಡುವೆ ಒಂದು ಎಕ್ಸ್‌ಟೆಂಡರನ್ನು ಇಡಬಹುದು. ಅದು ಬಂದ ವಿದ್ಯುತ್ತಿನಲ್ಲಿಯೇ ಸ್ವಲ್ಪವನ್ನು ತಾನುಂಡು, ಸಂದೇಶವನ್ನು ಹೊಸದಾಗಿ ರೂಪಿಸಿ, ಉಳಿದುದನ್ನು ಮುಂದಕ್ಕೆ ಕಳುಹಿಸುತ್ತದೆ. ಎದುರುಬದುರಾಗಿ ನಿಲ್ಲಿಸಿದ ಎರಡು ರೇಡಿಯೋ ಉಪಕರಣಗಳನ್ನು ಬಳಸಬಹುದು. ತೆಂಗಿನ ಗರಿಗಳು ಅಡ್ಡ ಬಾರದಿದ್ದರೆ ಅದೂ ಆದೀತು. ನಮಗೆ ಹೆಚ್ಚು ಒಪ್ಪಿಗೆಯಾದದ್ದು ಆಪ್ಟಿಕಲ್ ಫೈಬರು, ಅಲ್ಲಿಯ ವಿದ್ಯುತ್ತನ್ನು ಅಲ್ಲಿಯೇ ಒಂದು ಸೌರಫಲಕದಿಂದ ಪಡೆಯುವ ವ್ಯವಸ್ಥೆಯೊಡನೆ. ಇದಕ್ಕೆ ದೂರವೊಂದೇ ಕಾರಣವಲ್ಲ.

ಮುಂಗಾರಿಗೆ ಮುಂಚಿನ ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಯನ್ನು ಈ ಭಾಗದ ಬಯಲಿನಲ್ಲಿ ನಿಂತು ಕಂಡವರಿಗೆ, ಎರಡು ಕಟ್ಟಡಗಳ ನಡುವೆ ಎಳೆದ ಲೋಹದ ತಂತಿ ಎಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಸಿಡಿಲು ತಂತಿಗೇ ಬಡಿಯಬೇಕಾಗಿಲ್ಲ. ಹತ್ತಿರದಲ್ಲಿ ನೆಲಕ್ಕೆ ಇಳಿದರೂ ಸಾಕು; ಪಂಪಿನ ಮನೆಯ ನೆಲಕ್ಕೂ ವಾಸದ ಮನೆಯ ನೆಲಕ್ಕೂ ಕ್ಷಣಕಾಲ ಸಹಸ್ರಾರು ವೋಲ್ಟುಗಳ ಅಂತರವುಂಟಾಗಿ, ಅದು ತಂತಿಯ ಮೂಲಕ ಸಮನಾಗಲು ಯತ್ನಿಸುತ್ತದೆ. ಈಥರ್‌ನೆಟ್ ಉಪಕರಣದ ಟ್ರಾನ್ಸ್‌ಫಾರ್ಮರು 1500 ವೋಲ್ಟನ್ನು ತಡೆಯುವಂತೆ ರಚಿತವಾಗಿರುತ್ತದೆ. ಸಿಡಿಲಿನೆದುರು ಇದು ಅಲ್ಪ. ತಂತಿಯ ಎರಡೂ ತುದಿಗಳಲ್ಲಿ ಸರ್ಜ್ ರಕ್ಷಕಗಳನ್ನು ಕೂರಿಸಿ ಅವನ್ನು ಭೂಮಿಗೆ ಸೇರಿಸಬೇಕು. ಭೂಸಂಪರ್ಕವಿಲ್ಲದ ರಕ್ಷಕವು ಅಲಂಕಾರಕ್ಕೆ ಮಾತ್ರ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಹಿರಿಯೂರು ಸೀಮೆ ಒಂದು. ಬೇಸಗೆಯಲ್ಲಿ ಇಲ್ಲಿಯ ಒಣನೆಲದ ರೋಧ ಬಹಳ ಏರುತ್ತದೆ. ಇದ್ದಿಲು ಉಪ್ಪುಗಳನ್ನು ತುಂಬಿದ ಅರ್ಥಿಂಗ್ ಗುಂಡಿಗೆ ಆಗಾಗ್ಗೆ ನೀರು ಹುಯ್ಯುವ ಹಳೆಯ ರೂಢಿಯನ್ನು ಇಲ್ಲಿ ಕೈಬಿಡುವಂತಿಲ್ಲ. ಹನಿ ನೀರಾವರಿಯ ಒಂದು ನಳಿಕೆಯನ್ನು ಆ ಗುಂಡಿಗೆ ತಿರುಗಿಸಿದರೆ ಈ ಚಿಂತೆಯೇ ತಪ್ಪುತ್ತದೆ. ಫೈಬರಾದರೋ ಗಾಜು, ಲೋಹದ ಬಲತಂತಿಯಿಲ್ಲದ ಫೈಬರನ್ನು ಆರಿಸಿಕೊಂಡರೆ ಸಿಡಿಲಿನ ವಿದ್ಯುತ್ತಿಗೆ ಅಲ್ಲಿ ದಾರಿಯೇ ಇಲ್ಲ.

ಹೊರಾಂಗಣದಲ್ಲಿ ತಂತಿಯ ಶತ್ರುಗಳು ಬೇರೆಯೂ ಇವೆ. ಮನೆಯೊಳಗಿನ ಬಳಕೆಯ ಪಿ.ವಿ.ಸಿ. ಹೊದಿಕೆಯು ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಬಿರಿಯುತ್ತದೆ. ಹೊರಗೆ ಕರಿಯ ಪಾಲಿಥೀನ್ ಹೊದಿಕೆಯದನ್ನೇ ಬಳಸಬೇಕು. ಇಲಿ ಅಳಿಲುಗಳು ಕಡಿಯದಂತೆ, ನೀರಾವರಿಗೆಂದು ತಂದು ಉಳಿದ ಎಚ್.ಡಿ.ಪಿ.ಇ. ಪೈಪಿನೊಳಗೆ ತೂರಿಸಿ ಹೂಳುವುದು ಖರ್ಚಿಲ್ಲದ ಉಪಾಯ. ಪಂಪಿನ ವಿದ್ಯುತ್ ತಂತಿಯನ್ನು ಅದೇ ಪೈಪಿನಲ್ಲಿ ಸೇರಿಸಕೂಡದು. ಕ್ಯಾಮರಾದ ಬಾಲಕ್ಕೂ ನಮ್ಮ ತಂತಿಗೂ ಸೇರುವೆಯಾಗುವ ಕನೆಕ್ಟರನ್ನು ಬಯಲಿನಲ್ಲಿ ಬಿಡದೆ, ಮುಚ್ಚಳವುಳ್ಳ ಪೆಟ್ಟಿಗೆಯೊಳಗೆ ಇಡತಕ್ಕದ್ದು. ಅಲ್ಲಿಗೆ ತೇವ ನುಗ್ಗಿದರೆ, 48 ವೋಲ್ಟಿನ ಏಕಮುಖ ಪ್ರವಾಹವಿರುವುದರಿಂದ, ವಿದ್ಯುದ್ವಿಭಜನೆಯ ಪಾಠದಲ್ಲಿ ಓದಿದ್ದೆಲ್ಲವೂ ಆ ಚಿಕ್ಕ ಹಿತ್ತಾಳೆಯ ಹಲ್ಲುಗಳ ಮೇಲೆ ನಡೆದು ಹಸಿರು ಕಿಲುಬು ಕಟ್ಟುತ್ತದೆ. ತಂತಿಯು ಪೆಟ್ಟಿಗೆಯನ್ನು ಪ್ರವೇಶಿಸುವ ಮೊದಲು ಒಂದಿಷ್ಟು ಕೆಳಕ್ಕೆ ಜೋತುಬಿದ್ದು ಮೇಲೇರಿದರೆ ಮಳೆಯ ನೀರು ಆ ಜೋಲಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ.

ಹಗಲೆಲ್ಲ ಸರಿಯಾಗಿದ್ದ ಕ್ಯಾಮರಾ ರಾತ್ರಿಯಾದೊಡನೆ ನಿಲ್ಲುತ್ತದೆ ಎಂಬ ದೂರು ಬಹಳ ಸಾಮಾನ್ಯವಾದದ್ದು. ಕಾವಲಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ. ಕತ್ತಲಾದಾಗ ಕ್ಯಾಮರಾ ತನ್ನ ಅವಕೆಂಪು ದೀಪಗಳನ್ನು ಹೊತ್ತಿಸಿಕೊಳ್ಳುವುದರಿಂದ ಅದರ ಬೇಡಿಕೆ ಮೂರು ವಾಟಿನಿಂದ ಆರಕ್ಕೆ, ಕೆಲವು ವೇಳೆ ಇನ್ನೂ ಮೇಲಕ್ಕೆ, ಜಿಗಿಯುತ್ತದೆ. ರೋಧ ಹೆಚ್ಚಾದ ತಂತಿ, ಕಿಲುಬು ಹಿಡಿದ ಕನೆಕ್ಟರು, ಬಲ ಸಾಲದ ಸ್ವಿಚ್ಚು ಇವೆಲ್ಲವೂ ಆಗಲೇ ತಮ್ಮ ಗುಣವನ್ನು ತೋರುವುದು. ಸ್ವಿಚ್ಚಿನ ಒಟ್ಟು ಶಕ್ತಿಯ ಮಿತಿಯನ್ನು ಕೊಳ್ಳುವಾಗ ವಿಚಾರಿಸಬೇಕು. ಒಟ್ಟು 60 ವಾಟಿನ ನಾಲ್ಕು ರಂಧ್ರಗಳ ಸ್ವಿಚ್ಚು, ತನ್ನ ವರ್ಗವನ್ನು ತಿಳಿಸದ ಪ್ರತಿ ಕ್ಯಾಮರಾಕ್ಕೂ 15.4 ವಾಟನ್ನು ಕಾದಿರಿಸುವ ಜಾತಿಯದಾದರೆ, ನಾಲ್ಕಕ್ಕೆ 61.6 ವಾಟು ಬೇಕಾಗಿ ನಾಲ್ಕನೆಯದಕ್ಕೆ ವಿದ್ಯುತ್ತನ್ನೇ ನಿರಾಕರಿಸಬಹುದು, ನಿಜವಾದ ಬಳಕೆ ಇಪ್ಪತ್ತನಾಲ್ಕೇ ವಾಟಾಗಿದ್ದರೂ ಸಹ.

ಬ್ಯಾಟರಿಯ ಲೆಕ್ಕವನ್ನು ಸಂಕ್ಷೇಪವಾಗಿ ಹೇಳಬಹುದು. ನಾಲ್ಕು ಕ್ಯಾಮರಾಗಳು, ಸ್ವಿಚ್ಚು, ಚಿತ್ರವನ್ನು ದಾಖಲಿಸುವ ಯಂತ್ರ, ಅಂತರ್ಜಾಲದ ರೌಟರು ಎಲ್ಲವೂ ಸೇರಿ ಸುಮಾರು 50 ವಾಟು. ಮನೆಗಳಲ್ಲಿ ಸಾಮಾನ್ಯವಾದ 12 ವೋಲ್ಟು, 150 ಆಂಪಿಯರ್ ಗಂಟೆಯ ಯು.ಪಿ.ಎಸ್. ಬ್ಯಾಟರಿಯಲ್ಲಿ 1800 ವಾಟ್ ಗಂಟೆಗಳ ಶಕ್ತಿಯಿದೆ. ಪೂರ್ತಿ ಬರಿದು ಮಾಡದೆ ಶೇಕಡಾ 70ನ್ನು ಮಾತ್ರ ತೆಗೆದು, ಪರಿವರ್ತನೆಯಲ್ಲಿ ಶೇಕಡಾ 20ನ್ನು ಕಳೆದರೆ ಸುಮಾರು 1000 ವಾಟ್ ಗಂಟೆ. ಇಪ್ಪತ್ತು ಗಂಟೆಗಳ ಕಾಲ ಕಾವಲು ನಡೆಯುತ್ತದೆ, ಅದೇ ಬ್ಯಾಟರಿಯ ಮೇಲೆ ಫ್ಯಾನುಗಳನ್ನೂ ಟೆಲಿವಿಷನ್ನನ್ನೂ ಹೇರದಿದ್ದರೆ. ದಾಖಲೆಯ ಡಿಸ್ಕಿನ ಲೆಕ್ಕವೂ ಇಷ್ಟೇ ಸರಳ: ಸೆಕೆಂಡಿಗೆ 4 ಮೆಗಾಬಿಟ್ಟಿನ ಒಂದು ಕ್ಯಾಮರಾ ದಿನಕ್ಕೆ 43 ಗಿಗಾಬೈಟನ್ನು ತುಂಬುತ್ತದೆ, ನಾಲ್ಕು ಕ್ಯಾಮರಾಗಳ ಒಂದು ತಿಂಗಳ ದಾಖಲೆಗೆ ಐದು ಟೆರಾಬೈಟಿಗೂ ಸ್ವಲ್ಪ ಹೆಚ್ಚು ಬೇಕು.

ಮನೆಯನ್ನು ಕಾಯಲೆಂದು ತಂದ ಉಪಕರಣವೇ ಮನೆಯೊಳಕ್ಕೆ ದಾರಿಯಾಗಬಹುದೆಂಬುದನ್ನೂ ಇಲ್ಲಿ ಹೇಳದಿರಲಾಗದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನೇ ಬದಲಾಯಿಸದೆ ಬಿಟ್ಟಿದ್ದ ಕ್ಯಾಮರಾಗಳನ್ನೂ ದಾಖಲೆ ಯಂತ್ರಗಳನ್ನೂ ಭಾರಿ ಸಂಖ್ಯೆಯಲ್ಲಿ ವಶಪಡಿಸಿಕೊಂಡು, ಅವುಗಳ ಮೂಲಕ ಅಂತರ್ಜಾಲದ ಪ್ರಮುಖ ತಾಣಗಳ ಮೇಲೆ ದಾಳಿ ನಡೆಸಿತು. ನಮ್ಮ ಕೇಂದ್ರ ಸರ್ಕಾರವು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಿಂದ ಇಂತಹ ಕ್ಯಾಮರಾಗಳಿಗೆ ಸುರಕ್ಷತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅದು 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದೆ ಕೊಂಡವುಗಳಿಗೆ ಈ ರಕ್ಷೆಯಿಲ್ಲ. ಹೊರಗೋಡೆಯ ಮೇಲಿನ ಕ್ಯಾಮರಾವನ್ನು ಕಿತ್ತು ಅದರ ತಂತಿಗೆ ತನ್ನ ಗಣಕವನ್ನು ಸೇರಿಸಿದವನು ಮನೆಯ ಜಾಲದೊಳಗೇ ಇದ್ದಂತೆ. ಆದುದರಿಂದ ಕ್ಯಾಮರಾಗಳ ಜಾಲವನ್ನು ಮನೆಯ ಇತರ ಜಾಲದಿಂದ ಬೇರ್ಪಡಿಸುವುದು ಅವಶ್ಯ; ದಾಖಲೆ ಯಂತ್ರದಲ್ಲಿಯೇ ಪಿ.ಓ.ಇ. ರಂಧ್ರಗಳಿರುವ ಮಾದರಿಗಳು ಸಾಮಾನ್ಯವಾಗಿ ಇದನ್ನು ತಾವೇ ಮಾಡುತ್ತವೆ.

ನೆರೆಯವರ ಹಕ್ಕು ಇನ್ನೊಂದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಇಲ್ಲಿ ಸ್ಮರಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯು ತನ್ನ ಗೃಹಕೃತ್ಯಕ್ಕಾಗಿ ಬಳಸುವ ದತ್ತಾಂಶವನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆದರೆ ಪಕ್ಕದ ಮನೆಯ ಬಚ್ಚಲಿನ ಬಾಗಿಲನ್ನೋ, ಹೆಂಗಸರು ನೀರು ಹಿಡಿಯುವ ಜಾಗವನ್ನೋ ಹಗಲೂ ರಾತ್ರಿ ದಾಖಲಿಸುವುದಕ್ಕೆ ಅದು ಅಪ್ಪಣೆಯೆಂದು ಯಾರೂ ತಿಳಿಯಬಾರದು. ಹೆಚ್ಚಿನ ಕ್ಯಾಮರಾಗಳಲ್ಲಿ ಚಿತ್ರದ ಬೇಡವಾದ ಭಾಗವನ್ನು ಕಪ್ಪಾಗಿಸುವ ಸೌಲಭ್ಯವಿರುತ್ತದೆ. ಕೂರಿಸಿದ ದಿನವೇ ನೆರೆಯವರನ್ನು ಕರೆದು ಪರದೆಯನ್ನು ತೋರಿಸಿ ಅದನ್ನು ಬಳಸುವುದು ಒಳಿತು.

ಕೆಲಸವೆಲ್ಲ ಮುಗಿದ ಮೇಲೆ ಪರೀಕ್ಷೆಯನ್ನು ಹಗಲಿನಲ್ಲಿ ಮಾಡಿದರೆ ಸಾಲದು. ಕತ್ತಲಾಗಿ ಎಲ್ಲ ಕ್ಯಾಮರಾಗಳೂ ತಮ್ಮ ದೀಪಗಳನ್ನು ಹೊತ್ತಿಸಿಕೊಂಡ ಮೇಲೆ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಬ್ಯಾಟರಿಯ ಮೇಲೆ ನಾಲ್ಕು ಚಿತ್ರಗಳೂ ನಿಂತಿವೆಯೇ ಎಂದು ನೋಡಿ, ಹಾಗೆಯೇ ಬೆಳಗಿನವರೆಗೆ ಬಿಟ್ಟು, ಮರುದಿನ ದಾಖಲೆಯಲ್ಲಿ ನಡುವೆ ಎಲ್ಲಿಯಾದರೂ ಅಂತರ ಬಿದ್ದಿದೆಯೇ ಎಂದು ಪರಿಶೀಲಿಸಬೇಕು. ಅಂತರ ಬಿದ್ದ ಕ್ಯಾಮರಾದ ತಂತಿಯ ಎರಡೂ ತುದಿಗಳ ಕನೆಕ್ಟರುಗಳಿಂದ ಹುಡುಕಾಟವನ್ನು ಆರಂಭಿಸುವುದು ಕ್ರಮ.